ಡಬ್ಬದೊಳಗೆ ಇಣುಕುವ ಚಟ

ಸುಮ್ಮನೆ ಕೂರಲು ಬರುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಹೊಟ್ಟೆಕಿಚ್ಚು. ನಮ್ಮ ಬಸ್ ಸ್ಟ್ಯಾಂಡಿನಲ್ಲೇ ನೋಡಿ, ಕೆಲವರು ಅರಕಲಗೂಡಿನ ಬಸ್ಸು ಬರುವವರೆಗೂ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಕಣ್ಣನ್ನು ಎಲ್ಲೋ ನೆಟ್ಟು, ನೆಮ್ಮದಿಯಾಗಿ ಕೂತಿರುತ್ತಾರೆ. ಅಷ್ಟು ಹೊತ್ತಿನಲ್ಲಿ ನಾನು ನಾಲ್ಕು ಸಲ ಎದ್ದು, ಎರಡು ಸಲ ಕಂಟ್ರೋಲರ್ ಹತ್ತಿರ ಹೋಗಿ, ಪಕ್ಕದವರ ಚೀಲದಲ್ಲಿರುವುದು ಹೀರೇಕಾಯಿ ಎಂದು ಕಂಡುಹಿಡಿದು, ಎಷ್ಟಕ್ಕೆ ತಂದಿರಿ ಎಂದು ಕೇಳಿ, ಮೋಸ ಹೋದಿರಿ ಎಂದು ಹೇಳಿ, ಅವರ ಪ್ರಯಾಣ ಕೆಡಿಸಿ ಬಂದಿರುತ್ತೇನೆ. ನನ್ನದು ಕೆಟ್ಟ ಮನಸ್ಸಲ್ಲ. ಕೈ, ಕಾಲು, ಕಣ್ಣು, ಬಾಯಿ ಇವುಗಳಲ್ಲಿ ಯಾವಾಗಲೂ ಎರಡಾದರೂ ಓಡಾಡುತ್ತಿರಬೇಕು, ಇಲ್ಲದಿದ್ದರೆ ನನಗೆ ಉಸಿರು ಕಟ್ಟಿದಂತಾಗುತ್ತದೆ. ನನ್ನ ಹೆಂಡತಿ ಸಾವಿತ್ರಿ ಮದುವೆಯಾದ ಹೊಸದರಲ್ಲಿ ಇದನ್ನು ಚಟುವಟಿಕೆ ಎಂದುಕೊಂಡಿದ್ದಳು. ಈಗ ಅದಕ್ಕೆ ಬೇರೆ ಮಾತು ಬಳಸುತ್ತಾಳೆ. ಆ ಮಾತನ್ನು ಇಲ್ಲಿ ಬರೆಯುವಂತಿಲ್ಲ.

ಇಂಥ ಮನುಷ್ಯನಿಗೆ ದೇವರು ಹಿಟ್ಟಿನ ಮಿಲ್ಲು ಕೊಟ್ಟ. ಹೊಳೆನರಸೀಪುರದ ಪೇಟೆಯಿಂದ ಒಂದು ಬೀದಿ ಒಳಗೆ ನಮ್ಮಪ್ಪ ಹಾಕಿದ ಮಿಲ್ಲು ಅದು. ಹಿಟ್ಟಿನ ಮಿಲ್ಲಿನಲ್ಲಿ ನಿಜವಾಗಿ ಕೆಲಸ ಮಾಡುವುದು ಮಿಷನ್ನು. ಮಾಲೀಕ ಕಾಳು ಸುರಿಯಬೇಕು, ಸ್ವಿಚ್ ಹಾಕಬೇಕು, ಹಿಟ್ಟು ನುಣ್ಣಗಾಯಿತೇ ಎಂದು ಎರಡು ಬೆರಳಲ್ಲಿ ಉಜ್ಜಿ ನೋಡಬೇಕು, ಅಷ್ಟೆ. ಉಳಿದ ಹೊತ್ತೆಲ್ಲ ಖಾಲಿ. ಎದುರಿಗೆ ಸಾಲಾಗಿಟ್ಟ ಡಬ್ಬಗಳು, ಅವುಗಳ ಹಿಂದೆ ಕಾಯುತ್ತ ನಿಂತ ಜನ. ಆ ಖಾಲಿ ಹೊತ್ತೇ ನನ್ನನ್ನು ಕೆಡಿಸಿತು ಎಂದು ಈಗ ಅನ್ನಿಸುತ್ತದೆ. ಆಗ ನನಗೆ ಕಂಡದ್ದು ಒಂದೇ, ಜನ ಕಡಿಮೆಯಾಗುತ್ತಿದ್ದಾರೆ. ಸಂತೆಯ ದಿನ ಬಾಗಿಲಿಂದ ರಸ್ತೆಯವರೆಗೆ ಬೆಳೆಯುತ್ತಿದ್ದ ಡಬ್ಬಗಳ ಸಾಲು ಬರುಬರುತ್ತ ಹೊಸ್ತಿಲೊಳಗೇ ಮುಗಿಯತೊಡಗಿತು. ಊರಿನ ಆ ತುದಿಯಲ್ಲಿ ಹೊಸ ಮಿಲ್ಲೊಂದು ಶುರುವಾಗಿತ್ತು. ಹೀಗೇ ಹೋದರೆ ಬರುವ ಯುಗಾದಿಗೆ ಬೆಲ್ಟು ಬಿಚ್ಚಿಟ್ಟು ಬಾಗಿಲು ಹಾಕಬೇಕಾಗುತ್ತದೆ ಎಂದು ನನಗೂ ಗೊತ್ತಿತ್ತು, ಸಾವಿತ್ರಿಗೂ ಗೊತ್ತಿತ್ತು. ಇಬ್ಬರೂ ಬಾಯಿ ಬಿಟ್ಟು ಹೇಳಿರಲಿಲ್ಲ.

ಸುಮ್ಮನೆ ಕೂರಲಾರದವನಿಗೆ ಕಷ್ಟ ಬಂದರೆ ಅವನು ಮೊದಲು ಸಾಮಾನು ಸರಿಸುತ್ತಾನೆ. ನಾನು ಮಿಷನ್ನನ್ನು ಪೂರ್ವಕ್ಕೆ ತಿರುಗಿಸಿದೆ. ತಿಂಗಳು ಕಳೆದ ಮೇಲೆ ವಾಸ್ತು ಬಲ್ಲವರೊಬ್ಬರು ತಪ್ಪು ಎಂದದ್ದಕ್ಕೆ ಉತ್ತರಕ್ಕೆ ತಿರುಗಿಸಿದೆ. ಬೋರ್ಡಿಗೆ ಬಣ್ಣ ಹೊಡೆಸಿ ಸುತ್ತಲೂ ಓಡುವ ಲೈಟು ಹಾಕಿಸಿದೆ. ಅದನ್ನು ನೋಡಿದ ಇಬ್ಬರು ಬಾರ್ ಎಂದುಕೊಂಡು ಒಳಗೆ ಬಂದು, ಮೆಣಸಿನಪುಡಿ ಘಾಟಿಗೆ ಕೆಮ್ಮುತ್ತ ಹೊರಗೆ ಹೋದರು. ಒಂದು ಮೂಲೆಯಲ್ಲಿ ಜೆರಾಕ್ಸ್ ಮಿಷನ್ನು ತಂದಿಟ್ಟೆ. ಹಿಟ್ಟಿನ ಧೂಳು ಅದರ ಗಾಜಿನ ಮೇಲೆ ಕೂತು, ಆಧಾರ್ ಕಾರ್ಡಿನ ಪ್ರತಿಯಲ್ಲಿ ಊರವರ ಮುಖಕ್ಕೆಲ್ಲ ವಿಭೂತಿ ಬಳಿದಂತೆ ಬರುತ್ತಿತ್ತು. ಕೊನೆಗೆ ಸಾವಿತ್ರಿ ತನ್ನ ಮಹಿಳಾ ಸಂಘದಲ್ಲಿ ಕೇಳಿಕೊಂಡು ಬಂದಳು. ಹಾಸನದಲ್ಲಿ ಸಣ್ಣ ವ್ಯಾಪಾರಸ್ಥರಿಗೆ ದಾರಿ ಹೇಳುವವರಿದ್ದಾರಂತೆ, ಅಂಗಡಿಗೇ ಬಂದು ಏನು ಸರಿಯಿಲ್ಲ ಎಂದು ನೋಡುತ್ತಾರಂತೆ. ನಲವತ್ತು ವರ್ಷದ ಮಿಲ್ಲಿಗೆ ಸಲಹೆ ಕೊಡಲು ಅವರು ಯಾರು ಎಂದೆ. ನಲವತ್ತು ವರ್ಷದ ಮಿಲ್ಲಿಗೆ ಜೆರಾಕ್ಸ್ ತಂದಿಟ್ಟವರು ಯಾರು ಎಂದಳು.

ಹಾಸನಕ್ಕೆ ಹೋದೆ. ದೊಡ್ಡದೊಂದು ಕೋಣೆಯಲ್ಲಿ ನನ್ನಂಥವರು ಇಪ್ಪತ್ತು ಮೂವತ್ತು ಜನ ಕುರ್ಚಿ ಹಾಕಿಕೊಂಡು ಕೂತಿದ್ದರು. ಆಗಲೇ ಸಲಹೆ ಪಡೆದು ಮೇಲೆ ಬಂದವರನ್ನು ಎದ್ದು ನಿಂತು ಮಾತಾಡಲು ಹೇಳಿದರು. ಚನ್ನರಾಯಪಟ್ಟಣದ ಗಾಣದವರೊಬ್ಬರು ಕೊಬ್ಬರಿ ಎಣ್ಣೆಯನ್ನು ಜನ ತಂದುಕೊಟ್ಟ ಹಳೇ ಬ್ರಾಂದಿ ಬಾಟಲಿಗೆ ತುಂಬಿಸಿ ಕೊಡುತ್ತಿದ್ದರಂತೆ. ಅದನ್ನು ಬಿಟ್ಟು ಸ್ವಂತ ಬಾಟಲಿ ಮಾಡಿದ ಮೇಲೆ ಹಾಸನದ ಅಂಗಡಿಗಳೂ ಕೇಳಿ ತರಿಸುತ್ತಿವೆಯಂತೆ. ಅರಕಲಗೂಡಿನ ಹೆಂಗಸೊಬ್ಬರು ಬ್ಲೌಸ್ ಹೊಲಿಯುವವರು, ಯಾರು ಕೇಳಿದರೂ ನಾಳೆ ಬನ್ನಿ ಎನ್ನುತ್ತಿದ್ದರಂತೆ. ಕೊಡುವ ದಿನವನ್ನು ಚೀಟಿಯಲ್ಲಿ ಬರೆದು, ಬರೆದ ದಿನಕ್ಕೆ ಕೊಡತೊಡಗಿದ ಮೇಲೆ ಒಂದಿದ್ದ ಹೊಲಿಗೆ ಮಿಷನ್ನು ನಾಲ್ಕಾಯಿತಂತೆ. ಇಷ್ಟು ಸಣ್ಣ ವಿಷಯಕ್ಕೆ ಜನ ಚಪ್ಪಾಳೆ ತಟ್ಟುತ್ತಾರಲ್ಲ ಎಂದು ನನಗೆ ಆಶ್ಚರ್ಯವಾಯಿತು. ಅವರ ಮಾತು ಮುಗಿಯುವುದರೊಳಗೆ ನಾನು ಮೂರು ಸಲ ಎದ್ದು ಫ್ಯಾನಿನ ಸ್ಪೀಡು ಬದಲಾಯಿಸಿದ್ದೆ. ನಾಲ್ಕನೆಯ ಸಲ ಏಳುವಾಗ ಮುಂದಿನ ಸಾಲಿನಲ್ಲಿದ್ದ ಹುಡುಗಿಯೊಬ್ಬಳು ತಿರುಗಿ ನನ್ನನ್ನು ನೋಡಿ ಪುಸ್ತಕದಲ್ಲಿ ಏನೋ ಬರೆದುಕೊಂಡಳು. ನನ್ನ ಮಿಲ್ಲಿಗೆ ಸಲಹೆ ಕೊಡಲು ಗೊತ್ತುಮಾಡಿದ್ದು ಅವಳನ್ನೇ ಎಂದು ಆಮೇಲೆ ತಿಳಿಯಿತು.

ಹೆಸರು ಭಾರತಿ. ಕೊರವಂಗಲದ ಕಡೆಯ ಬೇಸಾಯದ ಮನೆಯವಳು, ಓದಿಕೊಂಡವಳು, ಸ್ಕೂಟರಿನಲ್ಲಿ ಊರೂರು ತಿರುಗುವವಳು. ಬಂದ ದಿನವೇ ನಾನು ಅವಳ ಮುಂದೆ ನನ್ನ ಬೇಡಿಕೆಗಳನ್ನೆಲ್ಲ ಹರಡಿದೆ. ಸ್ಟೀಲಿನ ಹೊಸ ಮಿಷನ್ನು, ಮೊಬೈಲಿನಲ್ಲಿ ಟೋಕನ್ನು, ಕೇಬಲ್ ಟೀವಿಯಲ್ಲಿ ಜಾಹೀರಾತು. ಅವಳು ಎಲ್ಲವನ್ನೂ ಕೇಳಿ, ಒಂದು ಸ್ಟೂಲ್ ಇದ್ದರೆ ಕೊಡಿ ಎಂದಳು. ಎರಡು ದಿನ ಆ ಸ್ಟೂಲಿನ ಮೇಲೆ ಮೂಲೆಯಲ್ಲಿ ಕೂತು ಬರೆದುಕೊಂಡಳು. ಅಷ್ಟು ಹೊತ್ತು ಅಲುಗಾಡದೆ ಕೂತದ್ದನ್ನು ನೋಡಿಯೇ ನನಗೆ ಮೈ ಪರಚಿಕೊಳ್ಳುವಂತಾಯಿತು.

ಆ ಎರಡು ದಿನ ನಾನು ನನ್ನ ವಿದ್ಯೆಯನ್ನೆಲ್ಲ ತೋರಿಸಿದೆ. ಏನು ವಿದ್ಯೆ ಎಂದು ಹೇಳಿಬಿಡುತ್ತೇನೆ. ಡಬ್ಬದ ಮುಚ್ಚಳ ತೆಗೆದು ಒಂದು ಚಿಟಿಕೆ ಕಾಳು ಅಂಗೈ ಮೇಲೆ ಹಾಕಿಕೊಂಡರೆ ಸಾಕು, ಆ ಮನೆಯ ವರ್ತಮಾನವೆಲ್ಲ ನನಗೆ ತಿಳಿಯುತ್ತದೆ. ಹೊಲ ಇರುವವರು ಕೊಂಡ ರಾಗಿ ತಂದರೆ, ಈ ಸಲ ನಿಮ್ಮ ಹೊಲ ಕೈಕೊಟ್ಟಿತಾ ಎನ್ನುತ್ತೇನೆ. ಮೇಷ್ಟ್ರ ಮನೆಯವರು ರೊಟ್ಟಿಗೆಂದು ಅಕ್ಕಿ ತಂದಾಗ, ಇದು ಸೊಸೈಟಿ ಅಕ್ಕಿಯಲ್ಲವಾ ಮೇಡಂ, ನಿಮಗೂ ಕಾರ್ಡು ಸಿಕ್ಕಿತಾ ಎಂದು ಸಂತೋಷಪಟ್ಟಿದ್ದೇನೆ. ಮಿಷನ್ನಿನ ಸದ್ದಿನಲ್ಲಿ ಮಾತಾಡಿ ಅಭ್ಯಾಸವಾದ ಗಂಟಲು ನನ್ನದು, ಸಂತೋಷಪಟ್ಟರೆ ಬೀದಿಗೆಲ್ಲ ಕೇಳುತ್ತದೆ. ಮನೆಯವರಂತೆ ವಿಚಾರಿಸಿಕೊಳ್ಳುವುದು ಎಂದರೆ ಇದೇ ಎಂದು ನಾನು ನಂಬಿದ್ದೆ. ಹೊಸ ಮಿಲ್ಲಿನವನು ಯಾರ ಮುಖವನ್ನೂ ನೋಡುವುದಿಲ್ಲ, ಫೋನು ನೋಡುತ್ತಾನೆ ಎಂದು ಭಾರತಿಗೆ ಹೆಮ್ಮೆಯಿಂದ ಹೇಳಿದೆ. ಅದನ್ನೂ ಬರೆದುಕೊಂಡಳು.

ಮೂರನೆಯ ದಿನ ಅವಳು, ಬರುವುದನ್ನು ಬಿಟ್ಟ ಮನೆಗಳ ಪಟ್ಟಿ ಕೊಡಿ ಎಂದಳು. ಕೊಟ್ಟೆ. ಅವರೆಲ್ಲ ಸ್ಟೀಲಿನ ಮಿಷನ್ನಿಗೆ ಮರುಳಾದವರು ಎಂದೂ ಹೇಳಿದೆ. ಒಂದು ವಾರ ಅವಳು ಮನೆಮನೆ ತಿರುಗಿ ಬಂದು, ಬನ್ನಿ ಗಾಡಿ ಹತ್ತಿ ಎಂದು ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟಳು. ನೇರವಾಗಿ ಕರೆದುಕೊಂಡು ಹೋದದ್ದು ಹೊಳೆಯಾಚೆ ಹಳ್ಳಿಯ ಪುಟ್ಟೇಗೌಡರ ಮನೆಗೆ. ಪುಟ್ಟೇಗೌಡರು ಎಂದರೆ ಒಂದು ಮನೆಯಲ್ಲ. ಪ್ರತಿ ಸಂತೆಗೆ ಅವರ ಟ್ರ್ಯಾಕ್ಟರಿನಲ್ಲಿ ಆ ಊರಿನ ಅಷ್ಟೂ ಡಬ್ಬಗಳು ನನ್ನ ಮಿಲ್ಲಿಗೆ ಬರುತ್ತಿದ್ದವು. ಅವರು ಬಿಟ್ಟರೆಂದರೆ ಊರೇ ಬಿಟ್ಟಂತೆ. ಯಾಕೆ ಬಿಟ್ಟರೋ ಎಂದು ನಾನು ತಲೆ ಕೆಡಿಸಿಕೊಂಡಿದ್ದೆನೇ ಹೊರತು ನನ್ನ ಬಾಯಿಯ ಮೇಲೆ ಅನುಮಾನ ಬಂದಿರಲಿಲ್ಲ.

ಗೌಡರು ಜಗಲಿಯ ಮೇಲೆ ಕೂರಿಸಿದರು, ಮಜ್ಜಿಗೆ ಕೊಟ್ಟರು, ಆಮೇಲೆ ನೆನಪಿಸಿದರು. ಒಂದು ಸಂತೆಯ ದಿನ ಅವರ ಟ್ರ್ಯಾಕ್ಟರಿನಲ್ಲಿ ಅವರದೇ ಮನೆಯ ರಾಗಿ ಎರಡು ಡಬ್ಬದಲ್ಲಿ ಬಂದಿತ್ತು. ಎರಡಕ್ಕೂ ಬೇರೆ ಬೇರೆ ಬಣ್ಣದ ಗುರುತು. ನಾನು ಎರಡರಿಂದಲೂ ಚಿಟಿಕೆ ತೆಗೆದು ನೋಡಿ, ಒಂದೇ ಕಣದ ರಾಗಿ ಎಂದು ಪತ್ತೆ ಮಾಡಿ, ಏನು ಗೌಡರೇ, ಮಕ್ಕಳ ಒಲೆ ಬೇರೆಯಾಯಿತಾ ಎಂದು ಕೇಳಿದ್ದೆ. ಅವರ ಪಕ್ಕದಲ್ಲಿ ಬಿಳಿ ಷರಟಿನವರೊಬ್ಬರು ನಿಂತಿದ್ದರು. ಅವರು ಗೌಡರ ಮಗಳನ್ನು ನೋಡಲು ಬಂದಿದ್ದ ಗಂಡಿನ ಸೋದರಮಾವ. ಸಂಬಂಧವೇನೋ ಮುರಿಯಲಿಲ್ಲ. ಆದರೆ ಅಣ್ಣತಮ್ಮಂದಿರ ಪಾಲಿನ ಕಾಗದ ಆಗಲಿ, ಆಮೇಲೆ ಲಗ್ನ ಇಟ್ಟುಕೊಳ್ಳೋಣ ಎಂದು ಗಂಡಿನ ಕಡೆಯವರು ಕೂತುಬಿಟ್ಟರಂತೆ. ಆರು ತಿಂಗಳು ಆ ಹುಡುಗಿ ಯಾರು ಬಂದರೂ ಒಳಕೋಣೆಯಿಂದ ಈಚೆ ಬರಲಿಲ್ಲವಂತೆ. ಇದನ್ನು ಗೌಡರು ಸಿಟ್ಟಿಲ್ಲದೆ ಹೇಳಿದರು, ಅದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ.

"ನಿನ್ ಮಿಷನ್ನಲ್ಲಿ ಏನೂ ತಪ್ಪಿಲ್ಲ ಕಣಯ್ಯ," ಎಂದರು. "ನಮ್ಮನೇಲಿ ಒಲೆ ಎಲ್ಡಾಗಿದ್ದು ನಮ್ ಬೀದಿಯೋರ್ಗೇ ಗೊತ್ತಿರ್ನಿಲ್ಲ. ಮಗು ಮದ್ವೆ ಆಗಂಟ ಮುಚ್ಚಿಕಂಡಿರಾನ ಅಂತಿದ್ದೊ. ನಿನ್ ಮಿಲ್ಲಿಗೆ ಬಂದ್ಬುಟ್ಟು ಅದು ಬೀದೀಗ್ ಬಿತ್ತು."

ತಪ್ಪಾಯಿತು ಗೌಡರೇ ಎಂದೆ. ಮಜ್ಜಿಗೆ ಲೋಟ ಕೆಳಗಿಟ್ಟೆ, ಎತ್ತಿದೆ, ಮತ್ತೆ ಕೆಳಗಿಟ್ಟೆ. ನಿಜವಾಗಿ ನಾಚಿಕೆಯಾಗಿತ್ತು. ವಾಪಸು ಬರುವಾಗ ಹೇಮಾವತಿ ಸೇತುವೆಯ ಮೇಲೆ ಭಾರತಿ ಗಾಡಿ ನಿಲ್ಲಿಸಿದಳು. ಸಮಾಧಾನ ಹೇಳುತ್ತಾಳೆ ಎಂದುಕೊಂಡೆ.

"ಪಟ್ಟೀಲಿ ಇನ್ನೊಂದು ಮನೆ ಉಳಕಂಡದೆ ಸಾ. ನೀವು ಬರ್ದಿರ್ಲಿಲ್ಲ, ನಾನೇ ಸೇರಿಸ್ಕಂಡೆ," ಎಂದಳು.

ಯಾವ ಮನೆ ಎಂದು ಕೇಳಿದೆ.

"ನಿಮ್ದೇ," ಎಂದಳು.

ಹನ್ನೊಂದು ತಿಂಗಳಿಂದ ನನ್ನ ಹೆಂಡತಿ ನಮ್ಮ ಮನೆಯ ರಾಗಿಯನ್ನು ಆ ಹೊಸ ಮಿಲ್ಲಿನಲ್ಲಿ ಬೀಸಿಸುತ್ತಿದ್ದಳು. ನಾನು ಊಟ ಮಾಡಿ ಮಲಗಿದ ಹೊತ್ತಿನಲ್ಲಿ ನಮ್ಮ ಮಿಲ್ಲಿನಲ್ಲೇ ಬೀಸಿಕೊಳ್ಳುತ್ತಾಳೆ ಎಂದು ನಾನು ಅಂದುಕೊಂಡಿದ್ದೆ. ಊರಿನ ಅಷ್ಟೂ ಡಬ್ಬಗಳ ಜಾತಕ ಬಲ್ಲವನಿಗೆ ಸ್ವಂತ ಅಡಿಗೆಮನೆಯ ಡಬ್ಬ ಯಾವ ದಾರಿ ಹಿಡಿದು ಹೋಗುತ್ತಿದೆ ಎಂದು ತಿಳಿದಿರಲಿಲ್ಲ. ಮನೆಗೆ ಹೋಗಿ ಕೇಳಿದೆ. ಸಾವಿತ್ರಿ ಅವರೆಕಾಯಿ ಬಿಡಿಸುತ್ತಿದ್ದವಳು ತಲೆ ಎತ್ತಲಿಲ್ಲ. ಅವಳ ತವರು ಕೊಣನೂರು, ಸುಗ್ಗಿಯಾದ ಮೇಲೆ ನಮ್ಮ ಮಾವ ಒಂದು ಮೂಟೆ ರಾಗಿ ಕಳಿಸುತ್ತಾರೆ. ಹೋದ ಸುಗ್ಗಿಯಲ್ಲಿ ಅದನ್ನು ಮಿಷನ್ನಿಗೆ ಸುರಿಯುವಾಗ ನಾನು, ಈ ರಾಗಿಯ ಕಲ್ಲು ಆರಿಸಿದರೆ ಒಂದು ಕಾಂಪೌಂಡು ಕಟ್ಟಬಹುದು ಎಂದಿದ್ದೆನಂತೆ. ಎಲ್ಲರೂ ನಕ್ಕರಂತೆ. ನನಗೆ ನಗು ಮಾತ್ರ ನೆನಪಿತ್ತು.

"ಎಂಟು ಜನ ಇದ್ರು," ಎಂದಳು ಸಾವಿತ್ರಿ. "ಎಂಟೂ ಜನದ ಎಸ್ರೂ ಏಳ್ತೀನಿ, ಬೇಕಾದ್ರೆ ಬರ್ಕಳಿ."

ಭಾರತಿಯ ಸಲಹೆ ಅರ್ಧ ಹಾಳೆಯಷ್ಟೂ ಇರಲಿಲ್ಲ. ಮುಚ್ಚಳ ಹಾಕಿದ ಡಬ್ಬವನ್ನೇ ತೂಗುವುದು. ಮಿಷನ್ನಿನ ಪಕ್ಕದಲ್ಲಿ ಎರಡು ಮೆಟ್ಟಿಲು ಕಟ್ಟಿ, ತಂದವರೇ ಹತ್ತಿ ತಮ್ಮ ಕಾಳು ತಾವೇ ಸುರಿದುಕೊಳ್ಳುವುದು. ಬಾಗಿಲಲ್ಲಿ ತಕ್ಕಡಿ ಹಿಡಿದು ಸಾವಿತ್ರಿ ಕೂರುವುದು. ನಾನು ಸ್ವಿಚ್ಚಿನ ಹತ್ತಿರ, ಗೋಡೆಯ ಕಡೆ ಮುಖ ಮಾಡಿ ನಿಲ್ಲುವುದು. ಇದಕ್ಕೆ ಓದಬೇಕಿತ್ತಾ ಎಂದು ಕೇಳಿದೆ. ಓದದೆ ಹೇಳಿದ್ದರೆ ನೀವು ಕೇಳುತ್ತಿದ್ದಿರಾ ಎಂದಳು. ಜೊತೆಗೆ ಸಾವಿತ್ರಿ ಮನೆಮಟ್ಟಿಗೆ ಮಾಡುತ್ತಿದ್ದ ರಾಗಿ ಹುರಿಹಿಟ್ಟನ್ನು ಪ್ಯಾಕೆಟ್ಟು ಮಾಡಿಸಿದಳು. ಅದನ್ನು ಚೀಲಕ್ಕೆ ತುಂಬಿಕೊಂಡು ಹಾಸನ, ಚನ್ನರಾಯಪಟ್ಟಣದ ಅಂಗಡಿಗಳಿಗೆ ಬಸ್ಸಿನಲ್ಲಿ ಹೋಗಿ ಕೊಟ್ಟುಬರುವ ಕೆಲಸ ನನ್ನದು. ನನ್ನ ಕಾಲಿಗೆ ಕೆಲಸ, ಮಿಲ್ಲಿಗೆ ನೆಮ್ಮದಿ. ಭಾರತಿ ಆವತ್ತು ಹಾಸನದಲ್ಲಿ ಬರೆದುಕೊಂಡದ್ದು ಬಹುಶಃ ಇದನ್ನೇ.

ಮೊದಲು ಮೇಷ್ಟ್ರ ಮನೆಯವರು ಬಂದರು. ಹೊಸ್ತಿಲಲ್ಲಿ ನಿಂತು, ಇದ್ದಾರಾ ಎಂದು ಸನ್ನೆಯಲ್ಲೇ ಸಾವಿತ್ರಿಯನ್ನು ಕೇಳಿದರು. ಗೋಡೆಯ ಕಡೆ ಇದ್ದಾರೆ ಎಂದು ಅವಳು ಸನ್ನೆಯಲ್ಲೇ ಹೇಳಿದಳು. ಆಮೇಲೆ ಒಬ್ಬೊಬ್ಬರಾಗಿ ಬಂದರು. ಪುಟ್ಟೇಗೌಡರ ಟ್ರ್ಯಾಕ್ಟರು ಬಂದ ಸಂತೆಯ ದಿನ ಸಾಲು ಮತ್ತೆ ರಸ್ತೆ ಮುಟ್ಟಿತು. ಯುಗಾದಿ ಬಂತು, ಹೋಯಿತು, ಬಾಗಿಲು ತೆರೆದೇ ಇತ್ತು. ಆದರೆ ನನ್ನ ಪಾಡು ಯಾರಿಗೂ ಬೇಡ. ಬೆನ್ನ ಹಿಂದೆ ಇಡೀ ತಾಲ್ಲೂಕಿನ ಸುದ್ದಿ ಮೆಟ್ಟಿಲು ಹತ್ತಿ ಮಿಷನ್ನಿಗೆ ಬೀಳುತ್ತಿದೆ, ನಾನು ಗೋಡೆಯ ಸುಣ್ಣದ ಬಿರುಕು ಎಣಿಸುತ್ತಿದ್ದೇನೆ. ಹಿಟ್ಟಿನ ವಾಸನೆಗೇ ಇದು ಹಳೇ ರಾಗಿ, ಇದು ಜೋಳ ಬೆರೆಸಿದ್ದು ಎಂದು ಮೂಗು ವರದಿ ಕೊಡುತ್ತದೆ. ನಾಲಿಗೆ ಹಲ್ಲಿನವರೆಗೆ ಬಂದು ವಾಪಸು ಹೋಗುತ್ತದೆ. ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಾಯಿಸಿ ಬದಲಾಯಿಸಿ ಆ ಜಾಗದ ಸಿಮೆಂಟು ನುಣುಪಾಗಿದೆ.

ಭಾರತಿಯ ಪಟ್ಟಿಯಲ್ಲಿ ಎಲ್ಲ ಮನೆಗಳ ಮುಂದೆಯೂ ಗುರುತು ಬಿತ್ತು, ಒಂದನ್ನು ಬಿಟ್ಟು. ತಕ್ಕಡಿ ಹಿಡಿದು ದಿನವೆಲ್ಲ ಮಿಲ್ಲಿನಲ್ಲೇ ಕೂರುವವಳು ಮನೆಯ ರಾಗಿಯನ್ನು ಮಾತ್ರ ಇನ್ನೂ ಆ ತುದಿಯ ಮಿಲ್ಲಿಗೇ ಒಯ್ಯುತ್ತಿದ್ದಳು. ನಾನು ಕೇಳಲಿಲ್ಲ. ಕೇಳುವ ಧೈರ್ಯವಿರಲಿಲ್ಲ. ಈ ಸುಗ್ಗಿಯಾದ ಮೇಲೆ ಒಂದು ದಿನ ತಕ್ಕಡಿಯನ್ನು ಪಕ್ಕಕ್ಕಿಟ್ಟು, ಡಬ್ಬ ಹಿಡಿದು ಸಾಲಿನಲ್ಲಿ ಬಂದು ನಿಂತಳು. ಮೆಟ್ಟಿಲು ಹತ್ತಿ ಸುರಿದಳು. ವಾಸನೆಗೇ ಗೊತ್ತಾಯಿತು, ಕೊಣನೂರಿನ ಹೊಸ ರಾಗಿ. ಒಂದು ಕಲ್ಲೂ ಕಿರ್ ಎನ್ನಲಿಲ್ಲ. ಮಾವನವರು ಎಷ್ಟು ಸಲ ಕೇರಿಸಿ ಕಳಿಸಿದ್ದರೋ. ಹೇಳಬೇಕು ಎಂದು ಜೀವ ಒದ್ದಾಡಿತು. ಆದರೆ ಒಳ್ಳೆಯದಾಗಲಿ ಕೆಟ್ಟದ್ದಾಗಲಿ ಮಿಲ್ಲಿನಲ್ಲಿ ಡಬ್ಬದ ವಿಷಯ ಆಡಬಾರದು ಎಂದು ಭಾರತಿಗೆ ಮಾತು ಕೊಟ್ಟಿದ್ದೆ. ಗೋಡೆ ನೋಡಿಕೊಂಡೇ ನಿಂತೆ. ಅವಳು ಹಿಟ್ಟು ತುಂಬಿಕೊಂಡ ಮೇಲೂ ಒಂದು ಗಳಿಗೆ ನಿಂತಿದ್ದಳು. ಆಮೇಲೆ ಮುಚ್ಚಳ ಒತ್ತಿ ಹೊರಟುಹೋದಳು.

ಅವತ್ತು ಊಟಕ್ಕೆ ಕೂತಾಗ ನನಗೆ ಅನ್ನಿಸಿತು, ಮಿಲ್ಲಿನ ನಿಯಮ ಮಿಲ್ಲಿಗೆ, ಮನೆಯಲ್ಲಿ ಮಾತಾಡಬಹುದು. ಮುದ್ದೆ ಮುರಿದು ಬಸ್ಸಾರಿನಲ್ಲಿ ಅದ್ದಿ ಒಂದು ತುತ್ತು ನುಂಗಿ, ಅಷ್ಟು ತಿಂಗಳು ತಡೆದದ್ದನ್ನೆಲ್ಲ ಒಂದೇ ಸಲಕ್ಕೆ ಆಡಿಬಿಟ್ಟೆ. ಆಹಾ, ಎಂಥ ನಯ, ಎಂಥ ಪರಿಮಳ, ರಾಗಿ ಎಂದರೆ ನಿಮ್ಮಪ್ಪನ ಹೊಲದ ರಾಗಿ, ಬೀಸಿದರೆ ನಾನು ಬೀಸಬೇಕು, ಈ ಹದ ಊರಿನಲ್ಲಿ ಇನ್ಯಾವ ಮಿಷನ್ನಿನಿಂದಲೂ ಬರುವುದಿಲ್ಲ, ಒಂದು ತುತ್ತಿನಲ್ಲೇ ಗೊತ್ತಾಗುತ್ತದೆ ಎಂದೆ. ಸಾವಿತ್ರಿ ಎಲ್ಲವನ್ನೂ ಸಮಾಧಾನವಾಗಿ ಕೇಳಿಸಿಕೊಂಡಳು. ಸಾರು ಬಡಿಸಿದಳು.

"ಒಸಾ ಡಬ್ಬ ಇನ್ನೂ ಬಿಚ್ಚೇ ಇಲ್ಲ," ಎಂದಳು. "ಇದು ಓದ್ ತಿಂಗ್ಳು ಆ ಮಿಲ್ಲಲ್ಲಿ ಬೀಸ್ಕಬಂದಿದ್ದು, ಅಂಗ್ಡಿ ರಾಗಿ. ಇನ್ನೊಂದ್ ಮುದ್ದೆ ಆಕ್ಲಾ?"