ಚಪ್ಪಲಿ ಸ್ಟ್ಯಾಂಡು ಒಳಗೆ ಬಂದ ದಿನ

ಕೀರ್ತಿರಾಜನ ಆ ದಿನದ ಫಜೀತಿಗೆಲ್ಲ ಮೂಲ ಒಂದು ಚಪ್ಪಲಿ ಸ್ಟ್ಯಾಂಡು.

ಲ್ಯಾಪ್‌ಟಾಪನ್ನು ಊಟದ ಮೇಜಿನ ಮೇಲಿಟ್ಟರೆ ಕ್ಯಾಮೆರಾ ಅವನ ಗಲ್ಲ, ಮೂಗಿನ ಹೊಳ್ಳೆ ಬಿಟ್ಟು ಬೇರೇನನ್ನೂ ತೋರಿಸುತ್ತಿರಲಿಲ್ಲ. ಮೂಗಿನ ಹೊಳ್ಳೆ ನೋಡಿ ಯಾವ ವಿಶ್ವವಿದ್ಯಾಲಯ ಡಾಕ್ಟರೇಟ್ ಸೀಟು ಕೊಡುತ್ತದೆ? ಹಾಗಾಗಿ ಶುಕ್ರವಾರ ಬೆಳಗ್ಗೆ ಬಾಗಿಲ ಹೊರಗಿದ್ದ ಎರಡಂತಸ್ತಿನ ಪುಟ್ಟ ಸ್ಟ್ಯಾಂಡನ್ನು ಒಳಗೆ ತಂದು, ಒರೆಸಿ, ಮೇಜಿಗೇರಿಸಿ, ಅದರ ನೆತ್ತಿಯ ಮೇಲೆ ಲ್ಯಾಪ್‌ಟಾಪ್ ಕೂರಿಸಿದ. ಅದರಲ್ಲಿದ್ದ ಶೂ, ಚಪ್ಪಲಿ, ಸ್ಯಾಂಡಲ್ ಎಲ್ಲ ಕಾರಿಡಾರಿನಲ್ಲಿ ರಾಶಿ ಬಿದ್ದವು.

ಉಡುಪಿಯ ಕೀರ್ತಿರಾಜ ಮಲೇಷ್ಯಾದ ಸುಬಾಂಗ್ ಜಯಾದಲ್ಲಿ ಆಸ್ಪತ್ರೆಯೊಂದರ ಐಸಿಯುನಲ್ಲಿ ನರ್ಸ್. ಆಪರೇಷನ್ನಿಗೆ ಹೊರಟ ರೋಗಿಯ ಕೈ ಹಿಡಿದು ಧೈರ್ಯ ಹೇಳುವುದು ಇವನ ಪಾಲು. ಅರಿವಳಿಕೆ ಕೊಟ್ಟು ಮಲಗಿಸಿ, ಕಾದು, ಎಬ್ಬಿಸುವುದು ಇನ್ನೊಬ್ಬರ ಪಾಲು. ಅಮೆರಿಕದಲ್ಲಿ ಆ ಕೆಲಸವನ್ನು ನರ್ಸುಗಳೂ ಮಾಡುತ್ತಾರೆ, ಅದಕ್ಕೆಂದೇ ಡಾಕ್ಟರೇಟ್ ಇದೆ ಎಂದು ನರ್ಸಿಂಗ್ ಕಾಲೇಜಿನ ಗೆಳೆಯ ಮಹಿತ್ ಕ್ಯಾಲಿಫೋರ್ನಿಯಾದಿಂದ ಹೇಳಿದಂದಿನಿಂದ ಇವನಿಗೇ ನಿದ್ದೆಯಿಲ್ಲ. ಪರೀಕ್ಷೆ ಬರೆದು, ಅರ್ಜಿ ಹಾಕಿ, ಕೊನೆಗೂ ವಿಡಿಯೋ ಸಂದರ್ಶನಕ್ಕೆ ಕರೆ ಬಂದಿತ್ತು. ಅವಕಾಶ ಒಂದೇ ಸಲ. ಶುಕ್ರವಾರ, ಕ್ಯಾಲಿಫೋರ್ನಿಯಾದ ಸಂಜೆ ಆರು. ಇಲ್ಲಿಗೆ ಬೆಳಗಿನ ಒಂಬತ್ತು ಎಂದು ಬೆರಳು ಮಡಚಿ ಎಣಿಸಿದ್ದ.

ವಿಷಯ ಗೊತ್ತಿದ್ದದ್ದು ಮಹಿತ್‌ಗೆ ಮತ್ತು ಹೆಂಡತಿ ನಿಖಿತಾಳಿಗೆ ಮಾತ್ರ. ಕೂಸು ಹುಟ್ಟುವ ಮೊದಲೇ ಕುಲಾವಿ ಬೇಡ ಎಂದು ತಾವಿದ್ದ ಪುಚೊಂಗಿನ ಕಾಂಡೋ ಅಪಾರ್ಟ್‌ಮೆಂಟಿನಲ್ಲಿ ಬೇರೆ ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ಓದಿನ ಗಡಿಬಿಡಿಯಲ್ಲಿ ಈ ಸಲ ದೀಪಾವಳಿಗೆ ಬಂದವರಿಗೆಲ್ಲ ಊಟ ಹಾಕುವ ಓಪನ್ ಹೌಸನ್ನೂ ಇಟ್ಟುಕೊಂಡಿರಲಿಲ್ಲ. ಹಬ್ಬ ಕಳೆದರೂ ಉಳಿದವರ ಮನೆಗಳಲ್ಲಿ ಅದು ನಡೆದೇ ಇತ್ತು. ಅಲ್ಲಿ ಯಾರೂ ಕರೆಗೆ ಕಾಯುವುದಿಲ್ಲ. ಬಾಗಿಲ ಮುಂದೆ ಚಪ್ಪಲಿ ರಾಶಿ ಕಂಡರೆ ತಮ್ಮದನ್ನೂ ಕಳಚಿ ಊಟಕ್ಕೆ ಒಳಗೆ ನಡೆಯುತ್ತಾರೆ.

ಮೊದಲು ಬಂದವರು ಎದುರುಮನೆಯ ಸೀತಾಲಕ್ಷ್ಮಿ. ಕೈಯಲ್ಲಿ ಚಕ್ಕುಲಿ ಡಬ್ಬ, ಮುಖದಲ್ಲಿ ಮುನಿಸು. ಊರನ್ನೆಲ್ಲ ಕರೆದು ಎದುರುಮನೆಯವಳನ್ನು ಮರೆತಿರಲ್ಲ ಎನ್ನುತ್ತಲೇ ಸೋಫಾದಲ್ಲಿ ಕೂತು, ಊರೆಲ್ಲ ಎಲ್ಲಿದೆ ಎಂದು ಒಳಕೋಣೆಯತ್ತ ಕತ್ತು ಚಾಚಿದರು. ಕೀರ್ತಿರಾಜ ರಾತ್ರಿ ಡ್ಯೂಟಿಯಿತ್ತು, ಈಗ ಮಲಗಬೇಕು ಎಂದ.

"ಟೈ ಕಟ್ಕೊಂಡು ಮಲಗ್ತೀಯೇನಪ್ಪಾ?"

ಮೇಲೆ ಬಿಳಿ ಶರ್ಟು, ನೀಲಿ ಟೈ. ಕ್ಯಾಮೆರಾಕ್ಕೆ ಕಾಣದ ಕಡೆ ಲುಂಗಿ.

ಅಷ್ಟರಲ್ಲಿ ಲಿಫ್ಟಿಗೆ ಕಾಯುತ್ತಿದ್ದ ಮಂಗಳೂರಿನ ಕ್ಲಾರೆನ್ಸ್ ರಾಶಿ ನೋಡಿ ಶೂ ಕಳಚಿದ. ಕ್ಲಾಂಗ್ ಬಂದರಿನ ಹಡಗು ಕಂಪನಿಯಲ್ಲಿ ಅವನ ಕೆಲಸ. ಕೂತು ತಿನ್ನಲು ಹೊತ್ತಿಲ್ಲ, ಟಪಾವ್ ಕಟ್ಟಿಸಿಕೊಂಡು ಹೋಗುತ್ತೇನೆ ಎಂದು ನಿಖಿತಾಳ ಕೈಗೆ ಖಾಲಿ ಟಿಫಿನ್ ಡಬ್ಬಿ ಕೊಟ್ಟು, ಕಾಯುತ್ತ ಕೂತೇಬಿಟ್ಟ. ಅವನ ಹಿಂದೆ ಕೆಳಮಹಡಿಯ ತಮಿಳು ಅಜ್ಜ, ಮೊಮ್ಮಕ್ಕಳ ಸಮೇತ. ಅವರ ಹಿಂದೆ ಲಿಫ್ಟ್ ರಿಪೇರಿಗೆ ಬಂದಿದ್ದ ಇಬ್ಬರು. ಜನ ಬಂದಂತೆ ರಾಶಿ ಬೆಳೆಯಿತು, ರಾಶಿ ಬೆಳೆದಂತೆ ಜನ ಬಂದರು. ಸೀತಾಲಕ್ಷ್ಮಿ ಮನೆಯೊಡತಿಯಂತೆ ಎಲ್ಲರಿಗೂ ಚಕ್ಕುಲಿ ಹಂಚಿದರು. ನಿಖಿತಾ ಮನೆಯಲ್ಲಿದ್ದ ಅವಲಕ್ಕಿಯನ್ನೆಲ್ಲ ಒಗ್ಗರಣೆಗೆ ಹಾಕಿದಳು. ಅಜ್ಜ ಮೇಜಿನ ಮೇಲೆ ಎತ್ತರದಲ್ಲಿ ಕೂತ ಲ್ಯಾಪ್‌ಟಾಪ್ ಕಂಡು, ಇದು ಕನ್ನಡದವರ ಪೂಜೆಯ ಕ್ರಮವಿರಬೇಕೆಂದುಕೊಂಡು, ಕೈಮುಗಿದು ಅದರ ಮುಂದೆ ಒಂದು ಬಾಳೆಹಣ್ಣಿಟ್ಟರು.

ಒಂಬತ್ತು ಹತ್ತಿರವಾಯಿತು. ಇಷ್ಟು ವರ್ಷದ ಕನಸು ಚಕ್ಕುಲಿಯ ಸದ್ದಿನಲ್ಲಿ ಮುಳುಗುತ್ತದಲ್ಲ ಎಂದು ಕೀರ್ತಿರಾಜನಿಗೆ ಅಳು ಬಂತು. ನಿಜ ಹೇಳಿದರೆ ಇವರು ಹೋಗುವವರಲ್ಲ, ಹಿಂದೆ ಸಾಲಾಗಿ ನಿಂತು ಉತ್ತರ ಹೇಳಿಕೊಡುವವರು. ಕೊನೆಗೆ ಅವನು ಲುಂಗಿ ಬಿಗಿದು ಸ್ಟೂಲ್ ಹತ್ತಿದ.

"ನೋಡಿ, ಇವತ್ತಿಂದು ಬರೀ ಟ್ರಯಲ್. ನಿಜವಾದ ಓಪನ್ ಹೌಸ್ ನಾಳೆ ಬೆಳಗ್ಗೆ ಒಂಬತ್ತಕ್ಕೆ. ಕೋರಿ ರೊಟ್ಟಿ, ನೀರುದೋಸೆ ಎಲ್ಲ ಇರುತ್ತೆ. ಈಗ ಹೊರಡಿ, ನಾಳೆ ಮನೆಮಂದೀನೆಲ್ಲ ಕರ್ಕೊಂಡು ಬನ್ನಿ."

"ಹಾಗೆ ಹೇಳು ಮತ್ತೆ," ಎಂದು ಸೀತಾಲಕ್ಷ್ಮಿ ಎದ್ದರು. ಅವರು ಎದ್ದರೆ ಎಲ್ಲರೂ ಎದ್ದಂತೆ. ಕ್ಲಾರೆನ್ಸ್ ಅವಲಕ್ಕಿ ಡಬ್ಬಿ ಹಿಡಿದು, ನಾಳೆಯ ಪ್ರಚಾರ ತನ್ನ ಜವಾಬ್ದಾರಿ ಎಂದು ಹೇಳಿ ಹೋದ.

ಮನೆ ನಿಶ್ಶಬ್ದವಾಯಿತು. ಕೀರ್ತಿರಾಜ ಬಾಳೆಹಣ್ಣು ಸರಿಸಿ, ಬೆವರು ಒರೆಸಿ, ನಗುಮುಖ ಮಾಡಿ ಕೂತ. ಒಂಬತ್ತು ಹೊಡೆಯಿತು. ಪರದೆಯಲ್ಲಿ ಅವನ ನಗುಮುಖವೊಂದೇ. ನಗುತ್ತ ನಗುತ್ತ ಕೆನ್ನೆ ನೋಯತೊಡಗಿದಾಗ ಮಹಿತ್‌ಗೆ ಫೋನ್ ಮಾಡಿ, ಯಾರೂ ಬರಲಿಲ್ಲವಲ್ಲೋ ಎಂದು ಗೋಳಾಡಿದ.

"ಇವತ್ತು ಯಾಕೆ ಬರ್ತಾರೆ ಮಾರಾಯ? ಇಲ್ಲಿ ಇನ್ನೂ ಗುರುವಾರ ಸಂಜೆ. ನಮ್ಮ ಶುಕ್ರವಾರ ಸಂಜೆ ಅಂದ್ರೆ ನಿಂಗೆ ಶನಿವಾರ ಬೆಳಗ್ಗೆ."

ಗಂಟೆ ಎಣಿಸಿದ ಬೆರಳು ದಿನ ಎಣಿಸುವುದನ್ನು ಮರೆತಿತ್ತು. ಕೀರ್ತಿರಾಜನಿಗೆ ಹೋದ ಜೀವ ಬಂದಂತಾಯಿತು. ಅವಕಾಶ ತಪ್ಪಿರಲಿಲ್ಲ. ಲುಂಗಿ ಎತ್ತಿ ಕಟ್ಟಿ ಮನೆಯಿಡೀ ಕುಣಿದ. ನಿಖಿತಾಳಿಗೂ ಕೂಗಿ ಹೇಳಿದ, ಸಂದರ್ಶನ ನಾಳೆಯಂತೆ, ನಾಳೆ ಬೆಳಗ್ಗೆ ಒಂಬತ್ತಕ್ಕೆ.

ಹೇಳಿದ ಮೇಲೆ ಕುಣಿತ ತಾನಾಗಿಯೇ ನಿಂತಿತು.

ಆಗಲೇ ಕ್ಲಾರೆನ್ಸನ ಫೋನ್ ಬಂತು. ಬಂದರಿನ ಆಫೀಸಿನವರೆಲ್ಲ ಬರಲು ಒಪ್ಪಿದ್ದಾರೆ, ಒಬ್ಬ ಡೋಲು ತರುತ್ತಾನೆ, ಸೀತಾಲಕ್ಷ್ಮಕ್ಕ ಭಜನೆಯವರಿಗೆ ಹೇಳಿಯಾಗಿದೆಯಂತೆ, ರೊಟ್ಟಿ ಕಡಿಮೆ ಬೀಳದಂತೆ ನೋಡಿಕೋ ಎಂದ.

ಕೀರ್ತಿರಾಜ ಫೋನಿಟ್ಟು ಹೆಂಡತಿಯ ಮುಖ ನೋಡಿದ. ಅವಳು ಆಗಲೇ ಅಕ್ಕಿ ಡಬ್ಬದ ಮುಚ್ಚಳ ತೆಗೆದಿದ್ದಳು.

"ರೀ, ಎಷ್ಟು ನೆನೆ ಹಾಕ್ಲಿ?"