ಟ್ರಂಕಿನಲ್ಲಿ ಸಿಕ್ಕ ನನ್ನ ಬಾಲ್ಯ

ಅಜ್ಜಂಪುರದ ನಮ್ಮ ಹಳೇ ಮನೆಗೆ ಬಣ್ಣ ಹೊಡೆಸುವಾಗ ಅಟ್ಟದ ಮೇಲೆ ಒಂದು ಟ್ರಂಕು ಸಿಕ್ಕಿತಂತೆ. ತಮ್ಮ ಅದನ್ನು ಬಸ್ಸಿಗೆ ಹಾಕಿ ಕಡೂರಿನ ನನ್ನ ಮನೆಗೆ ಕಳಿಸಿದ. ತೆಗೆದರೆ ಗೋಲಿಗಳು, ನವಿಲುಗರಿ, ಬೆಂಕಿಪೊಟ್ಟಣದ ಚಿತ್ರಗಳು. ಅವುಗಳ ನಡುವೆ ಒಂದು ದಿನಚರಿ! ಹೆಸರು ಬರೆದಿರಲಿಲ್ಲ. ಆದರೆ ಅಕ್ಷರ ಮುತ್ತಿನಂತಿದ್ದುದರಿಂದ ನನ್ನದೇ ಎಂದು ಆ ಕ್ಷಣವೇ ಗುರುತಿಸಿದೆ.

"ನಿಮ್ಮ ಸಾಮಾನಿನ ಚೀಟಿ ಓದಕ್ಕೆ ಮೆಡಿಕಲ್ ಅಂಗಡಿಯವನೇ ಬೇಕು. ಇದು ನಿಮ್ಮ ಅಕ್ಷರಾನಾ?" ಎಂದಳು ಹೆಂಡತಿ ಗಿರಿಜಾ.

"ಮದುವೆಗೆ ಮುಂಚಿನದು ಕಣೇ. ಆಮೇಲೆ ಕೆಡ್ತು!"

ಒಳಗಿದ್ದುದೋ, ಬೆಳಿಗ್ಗೆ ಬೇಗ ಎದ್ದದ್ದು, ಮಗ್ಗಿ ಒಪ್ಪಿಸಿದ್ದು, ಅಮ್ಮನ ಕೆಲಸಕ್ಕೆ ನೆರವಾದದ್ದು. ಇಷ್ಟು ಒಳ್ಳೆಯ ಹುಡುಗ ನಾನೆಂದು ನನಗೇ ಗೊತ್ತಿರಲಿಲ್ಲ. ಕಣ್ಣು ತುಂಬಿ ಬಂತು.

ಆ ಭಾನುವಾರ ತರೀಕೆರೆಯಿಂದ ಮಗಳ ಮಾವ ಊಟಕ್ಕೆ ಬಂದರು. ಹೊಸ ಬೀಗರು, ನಿವೃತ್ತ ಮೇಷ್ಟ್ರು. ನನ್ನನ್ನು ಬರೀ ಕೊಬ್ಬರಿ ವ್ಯಾಪಾರಿ ಎಂದುಕೊಂಡಿದ್ದರು. ಆ ತಪ್ಪು ಕಲ್ಪನೆಯನ್ನು ಹೋಗಲಾಡಿಸುವುದು ನನ್ನ ಕರ್ತವ್ಯವಾಗಿತ್ತು. ಹೋಳಿಗೆ ಮುಗಿದ ಕೂಡಲೇ ದಿನಚರಿ ತೆರೆದು ಗಂಭೀರ ಧ್ವನಿಯಲ್ಲಿ ಓದತೊಡಗಿದೆ.

"ಈ ದಿನ ಎಲ್ಲರೂ ಬುಕ್ಕಾಂಬುಧಿ ಕೆರೆ ನೋಡಲು ಹೋದೆವು. ನಾನು ಹಸಿರು ರೇಷ್ಮೆ ಲಂಗ ಉಟ್ಟು, ಎರಡು ಜಡೆ ಹಾಕಿಕೊಂಡು..."

ನಿಂತಿತು. ನನ್ನ ಓದಷ್ಟೇ ಅಲ್ಲ, ಉಸಿರೂ!

"ಹಸಿರು ಒಪ್ತಿತ್ತೇನ್ರೀ ನಿಮಗೆ?" ಗಿರಿಜಾ ಮೆಲ್ಲಗೆ ಕೇಳಿದಳು.

"ಅದು... ನಾಟಕ! ಶಾಲೇಲಿ ಹೆಣ್ಣು ಪಾತ್ರ ಮಾಡ್ತಿದ್ದೆ!"

ಬೀಗರ ಮುಖ ಅರಳಿತು. "ಓಹೋ, ಕಲಾವಿದ್ರು! ನಂಗೂ ನಾಟಕದ ಹುಚ್ಚು ಕಣ್ರೀ. ಒಂದು ಮಾತು ಹೇಳಿ, ನೋಡಣ."

ಮೇಷ್ಟ್ರ ಮಾತು ಮೀರುವುದುಂಟೇ? ಟವೆಲ್ಲನ್ನು ತಲೆಯ ಮೇಲೆ ಸೆರಗಿನಂತೆ ಹೊದ್ದು, ಎದೆಗೆ ಕೈಯಿಟ್ಟು, "ಅಯ್ಯೋ, ಪ್ರಾಣನಾಥಾ!" ಎಂದು ಕಿರುಚಿದೆ.

ಆಗಲೇ ಬಾಗಿಲಲ್ಲಿ ಅಕ್ಕ ಪ್ರತ್ಯಕ್ಷಳಾದಳು. ಟ್ರಂಕಿನ ಸುದ್ದಿ ತಮ್ಮನಿಂದ ತಿಳಿದು ಅಜ್ಜಂಪುರದಿಂದ ಬಂದಿದ್ದಳು.

"ಏನಾಯ್ತೇ ಗಿರಿಜಾ ಇವನಿಗೆ?" ಎಂದವಳ ಕಣ್ಣು ನನ್ನ ಕೈ ಮೇಲೆ ಬಿತ್ತು. "ಲೇ, ಅದು ನನ್ನ ಬುಕ್ಕಲ್ವೇನೋ! ಕೊಡೋ ಇಲ್ಲಿ!"

ಟವೆಲ್ಲು ತೆಗೆಯಬೇಕೋ, ಅದರಲ್ಲೇ ಮುಖ ಮುಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಎರಡನೆಯದೇ ವಾಸಿ ಎನಿಸಿತು.

ಅಕ್ಕ ಅಷ್ಟಕ್ಕೇ ಬಿಡುವವಳಲ್ಲ. "ಅಪ್ಪ ನಿಂಗೂ ಒಂದು ತಂದ್ಕೊಟ್ಟಿದ್ರು ಕಣೋ" ಎಂದು ಟ್ರಂಕಿನ ತಳ ಕೆದಕಿ, ಇನ್ನೊಂದು ದಿನಚರಿ ಎಳೆದು ನೇರ ಬೀಗರ ಕೈಗಿತ್ತಳು. ಅದರಲ್ಲಿ ಉಳಿದಿದ್ದು ಒಂದೇ ಹಾಳೆ. ಮಿಕ್ಕವು ಗಾಳಿಪಟವಾಗಿ ಹಾರಿಹೋಗಿದ್ದವು. ಬೀಗರು ಕನ್ನಡಕ ಸರಿಮಾಡಿಕೊಂಡು, ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದರು:

"ನಾಳೆ ಇಂದ ದೀನಾಲು ಬರೇಯುತೇನೆ."

ಆಮೇಲೆ ಕೆಂಪು ಪೆನ್ನು ತೆಗೆದು ಶಾಂತವಾಗಿ ಮೂರು ತಪ್ಪು ತಿದ್ದಿ, ನನ್ನ ಕೈಗೆ ಕೊಟ್ಟರು.

"ಇದು ಮಾತ್ರ ನಿಮ್ದೇ ಬಿಡಿ ಬೀಗರೇ. ಅನುಮಾನವೇ ಇಲ್ಲ."