ಕಪ್ಪಿಗೆ ಮೂರು ಸಾಲಿನ ತಲೆಬರಹ

ಲೇಖನ ಬರಿಯವ್ರು ಒಬ್ಬರು, ಅದಕ್ಕ ತಲೆಬರಹ ಇಡವ್ರು ಇನ್ನೊಬ್ಬರು ಅಂತಾದ್ರ ಊರಾಗ ಏನಾದ್ರೂ ಒಂದು ಗದ್ದಲ ಆಗೇ ಆಗತದ. ಧಾರವಾಡದ ಒಂದು ಮಾಸಪತ್ರಿಕಿಯೊಳಗ ನಾನು ಉಪಸಂಪಾದಕ ಆಗಿದ್ದಷ್ಟು ವರ್ಷ ಆ ಗದ್ದಲ ತಪ್ಪಲೇ ಇಲ್ಲ. ಎರಡನೇ ಮಹಾಯುದ್ಧ ಶುರು ಆಗೂಕಿಂತ ಮೊದಲಿನ ಮಾತಿದು. ವಿಜ್ಞಾನದ ಲೇಖನ ನಮಗ ಬರದುಕೊಡವ್ರು ಒಬ್ಬರೇ, ಕಾಲೇಜಿನ ಜೀವಶಾಸ್ತ್ರದ ಪ್ರೊಫೆಸರರು. ಉದ್ದನ್ನ ಕೋಟು, ತಲಿಗೆ ರುಮಾಲು, ಮಾತು ಭಾಳ ಮೆತ್ತಗ. ಯಾರಿಗೂ ಏಕವಚನ ಅಂದವ್ರಲ್ಲ. ಕ್ಲಾಸಿನ್ಯಾಗ ಕಪ್ಪಿ ಕೊಯ್ಯೂ ಮುಂದ "ಕ್ಷಮಿಸ್ರಿ" ಅಂತಾರ ಅಂತ ಹುಡುಗರು ಚ್ಯಾಷ್ಟಿ ಮಾಡತಿದ್ರು.

ಅವರ ಲೇಖನ ಬಂಗಾರ. ತಲೆಬರಹಕ್ಕ ಮಾತ್ರ ದೇವರೇ ಗತಿ. "ಕೆಲವು", "ಕುರಿತು", "ಪ್ರಾಥಮಿಕ" ಇವು ಇಲ್ಲದ ತಲೆಬರಹ ಅವರ ಕೈಯಿಂದ ಹೊರಬಿದ್ದದ್ದೇ ಇಲ್ಲ. ವಿದ್ವಾಂಸರ ಪ್ರಬಂಧ ಅಂದ್ರ, ಹೆಸರು ಓದಿದ ಕೂಡಲೆ ಒಳಗ ಏನದ, ಏನಿಲ್ಲ ಅಂತ ಪೂರಾ ತಿಳೀಬೇಕು ಅಂತ ಅವರ ವಾದ. ಹೊರಗ ನಿಂತು ಪೂರಾ ತಿಳದುಬಿಟ್ರ ಓದವ್ರು ಒಳಗ ಯಾಕ ಬರತಾರ ಅಂತ ನಮ್ಮ ಸಂಪಾದಕರ ವಾದ. ನಡುವ ಸಿಕ್ಕವ ನಾನು.

ಹಿತ್ತಲದ ಶತ್ರು

ಮೊದಲನೇ ಲೇಖನಕ್ಕ ಅವರು ಇಟ್ಟ ಹೆಸರು: "ಧಾರವಾಡದ ಕೆಲವು ಮನೆಗಳ ಹಿತ್ತಲುಗಳಲ್ಲಿ ನಿಂತ ನೀರಿನೊಳಗೆ ಕಂಡುಬರುವ ಸೊಳ್ಳೆಯ ಮರಿಗಳನ್ನು ಕುರಿತು ಪ್ರಾಥಮಿಕ ಅವಲೋಕನ." ಅಚ್ಚಿನ ಮೊಳಿ ಜೋಡಿಸವ ಒಳಗ ಬಂದು, ಇದು ತಲೆಬರಹನೋ ಲೇಖನನೋ ಒಂದು ಹೇಳಿಬಿಡ್ರಿ ಅಂದ. ನಾನು ಅಷ್ಟೂ ಹೊಡದುಹಾಕಿ, "ನಿಮ್ಮ ಹಿತ್ತಲದಲ್ಲಿ ಅಡಗಿದ ಶತ್ರು" ಅಂತ ಬರದೆ.

ಪತ್ರಿಕಿ ಹೊರಬಿದ್ದ ಮರುದಿನ ಒಬ್ಬ ನಿವೃತ್ತ ಮಾಮಲೇದಾರರು ಬಡಿಗಿ ಊರಿಕೋತ ಕಚೇರಿಗೆ ಬಂದ್ರು. ಮಾರಿ ಕೆಂಪಗಾಗಿತ್ತು. ನಮ್ಮ ಮನಿತನದ ಸಂಗತಿ ಊರಿಗೆಲ್ಲಾ ಸಾರಲಿಕ್ಕೆ ನಿಮಗ ಅಧಿಕಾರ ಕೊಟ್ಟವ್ರ್ಯಾರು ಅಂತ ಶುರು ಮಾಡಿದ್ರು. ನಾವು ಕುರ್ಚಿ ಕೊಟ್ವಿ, ನೀರು ಕೊಟ್ವಿ, ಲೇಖನ ಓದೀರೇನ್ರಿ ಅಂತ ಕೇಳಿದ್ವಿ. ತಲೆಬರಹ ಓದಿದ ಮ್ಯಾಲ ಇನ್ನೇನು ಓದೂದು ಅಂದ್ರು. ಕಡೀಕ ನಾನೇ ಒಂದು ಪುಟ ಓದಿ ಹೇಳಿದೆ. ಕೇಳಿಕೋತ ಕೇಳಿಕೋತ ಅವರ ಸಿಟ್ಟೆಲ್ಲಾ ಇಳೀತು.

"ಸೊಳ್ಳಿ ಏನು? ನಾ ನನ್ನ ತಮ್ಮನ ಸುದ್ದಿ ಅಂತ ತಿಳದಿದ್ದೆ" ಅಂದ್ರು.

ಹೋಗೂ ಮುಂದ ಬಾಗಲದಾಗ ನಿಂತು, ಮುಂದಿನ ತಿಂಗಳು ತಮ್ಮನ ಮ್ಯಾಲೂ ಒಂದು ಲೇಖನ ಹಾಕ್ರಿ, ಬೇಕಾದ ಮಾಹಿತಿ ನಾ ಕೊಡತೇನಿ ಅಂತ ಹೇಳಿ ಹೋದ್ರು.

ತಪ್ಪು ಎಮ್ಮೀದು

ಇನ್ನೊಂದು ಸಲ "ಎಮ್ಮೆಯ ಹಾಲಿನ ಜಿಡ್ಡಿನ ಅಂಶದಲ್ಲಿ ಋತುಮಾನಕ್ಕನುಸರಿಸಿ ಉಂಟಾಗುವ ಕೆಲವು ವ್ಯತ್ಯಾಸಗಳನ್ನು ಕುರಿತು" ಅಂತ ಬಂತು. ನಾನು ಅದಕ್ಕ "ಹಾಲಿಗೆ ನೀರು ಬೆರೆಸಿದವರು ಯಾರು?" ಅಂತ ಹೆಸರಿಟ್ಟೆ. ಪತ್ರಿಕಿ ಬಂದ ಮರುದಿನ ಪ್ರೊಫೆಸರರ ಮನಿಗೆ ಹಾಲು ಬರಲಿಲ್ಲ. ಗವಳಿಗರೆಲ್ಲಾ ಒಂದಾಗಿ ಸಿಟ್ಟಾಗಿದ್ರು. ಪ್ರೊಫೆಸರರು ಚಹಾ ಇಲ್ಲದ ಮಾರೀಲೆ ಕಚೇರಿಗೆ ಬಂದು, ನಿಮ್ಮ ತಲೆಬರಹದಿಂದ ನಮ್ಮ ಮನಿಯೊಳಗ ಸ್ವಲ್ಪ ತೊಂದರಿ ಆದಂಗ ಕಾಣತದ ಅಂತ ಅಂದ್ರು. ಬೈಯೂದು ಸುದ್ದಾ ಅವರಿಗೆ ಹಂಗೇ.

ಇಬ್ಬರೂ ಕೂಡಿ ಗವಳಿಗರ ಓಣಿಗೆ ಹೋದ್ವಿ. ಮಳಿಗಾಲದಾಗ ಎಮ್ಮಿ ಹಸಿ ಹುಲ್ಲು ಮೇಯತದ, ಹಿಂಗಾಗಿ ಯಾರೂ ಏನೂ ಮಾಡದಿದ್ರೂ ಹಾಲು ತೆಳ್ಳಗಾಗತದ, ಲೇಖನದಾಗ ಬರದದ್ದು ಇಷ್ಟೇ ಅಂತ ಪ್ರೊಫೆಸರರು ತಿಳಿಸಿ ಹೇಳಿದ್ರು. ಹಿರೇ ಗವಳಿಗ ಮೀಸಿ ಮ್ಯಾಲ ಕೈ ಆಡಿಸಿದ.

"ಅಂದ್ರ ಎಮ್ಮೀನ ನೀರ ಬೆರಸಾಕತ್ತೈತಿ ಅನ್ರಿ."

ಹಂಗ ಖಚಿತ ಹೇಳಲಿಕ್ಕೆ ಬರೂದಿಲ್ಲ ಅಂತ ಪ್ರೊಫೆಸರರು ಬಾಯಿ ತೆಗಿಯೂದರೊಳಗ ಅವ ಎದ್ದು ಕೈ ಮುಗದ. ಮರುದಿನ ಹಾಲು ಬಂತು. ಅವತ್ತಿನಿಂದ ಯಾರ ಮನಿಯ ಹೆಣ್ಣುಮಕ್ಕಳಾದ್ರೂ ಹಾಲು ನೀರಾಗ್ಯಾವಲ್ಲೋ ಅಂದ್ರ, ಗವಳಿಗ ರುಮಾಲಿನ ಸುತ್ತಿನಾಗಿಂದ ನಮ್ಮ ಪತ್ರಿಕಿಯ ಹಾಳಿ ತೆಗದು, ಪ್ರೊಫೆಸರ್ ಸಾಹೇಬ್ರು ಬರದಾರ್ರಿ, ತಪ್ಪು ಎಮ್ಮೀದು ಅಂತ ತೋರಿಸಿಬಿಡತಿದ್ದ. ಆ ವರ್ಷ ಧಾರವಾಡದಾಗ ಬ್ಯಾಸಗಿಯೊಳಗೂ ಹಾಲು ಮಳಿಗಾಲದ್ದೇ ಇತ್ತು.

ಸಂಭವವಿದೆ

ಪ್ರೊಫೆಸರರ ಅಣ್ಣನ ಮಗಳ ಲಗ್ನಪತ್ರಿಕಿ ನಮ್ಮ ಅಚ್ಚಖಾನೆಯೊಳಗೇ ಅಚ್ಚಾತು. ಒಕ್ಕಣಿ ಅವರದು. ಒಂದಕ್ಷರ ಬದಲಾಯಿಸಬ್ಯಾಡ್ರಿ ಅಂದಿದ್ರು, ನಾವೂ ಬದಲಾಯಿಸಲಿಲ್ಲ. ಹಳೇ ಹುಬ್ಬಳ್ಳಿಯ ಬೀಗರು ಪತ್ರಿಕಿ ಕೈಗೆ ಬಿದ್ದ ದಿನಾನೇ ಟಾಂಗಾ ಮಾಡಿಕೊಂಡು ಪ್ರೊಫೆಸರರ ಮನಿಗೆ ಬಂದ್ರು. "ವಿವಾಹವು ವೈಶಾಖ ಮಾಸದಲ್ಲಿ ಜರುಗುವ ಸಂಭವವಿದೆ" ಅಂತ ಅದರಾಗ ಇತ್ತು. ಹುಡುಗಿ ಕೊಡೂ ಮನಸ್ಸು ಅದನೋ ಇಲ್ಲೋ ಅಂತ ಬೀಗರು ಕೇಳಿದ್ರು. ಇನ್ನೂ ಆಗದ ಸಂಗತೀನ ಆಗೇ ಆಗತದ ಅಂತ ಹೆಂಗ ಬರೀಲಿಕ್ಕೆ ಬರತದ್ರಿ ಅಂತ ಪ್ರೊಫೆಸರರು ವಿನಯದಿಂದ ಕೇಳಿದ್ರು. ಪ್ರೊಫೆಸರರ ಮನಿಯವರು, ಅಂದ್ರ ಅವರ ಹೆಂಡತಿ, ನಡುವ ಬಂದು, ಉಂಡಿ ಚಕ್ಕುಲಿ ಇಟ್ಟು, ಬೀಗರನ್ನ ಸಮಾಧಾನ ಮಾಡಿ ಕಳಿಸಿದ್ರು.

ತಾಳಿ ಕಟ್ಟಿದ ಮ್ಯಾಲ ಬೀಗರು ಎಲ್ಲಾರ ಮುಂದ, ಈಗರ ಖಚಿತ ಆತೇನ್ರಿ ಅಂತ ಕೇಳಿದ್ರು. ಪ್ರೊಫೆಸರರು ಅಕ್ಷತಿ ಹಾಕಿ, ಮದುಮಕ್ಕಳನ್ನ ಒಮ್ಮೆ ನೋಡಿ, "ಮ್ಯಾಲ್ನೋಟಕ್ಕ ಆದಂಗ ಕಾಣತದ" ಅಂದ್ರು.

ಕಪ್ಪಿ

ಇಷ್ಟೆಲ್ಲಾ ನಗೂ ಮಾತಾತು. ಆದರ ಒಂದು ಸಲ ನಮ್ಮ ತಲೆಬರಹದಿಂದ ಅವರಿಗೆ ಖರೇನ ಸಂಕಟ ಬಂತು. ಕಪ್ಪಿ ಒದರಿದ್ರ ಮಳಿ ಬರತದ ಅಂತಾರಲ್ಲ, ಅದು ಖರೇನೋ ಸುಳ್ಳೋ ನೋಡಲಿಕ್ಕೆ ಅವರು ವರ್ಷಾನುಗಟ್ಟಲೆ ಮಳಿಗಾಲದ ಸಂಜಿಗೆಲ್ಲಾ ಕೆರಿ ದಂಡಿ ಮ್ಯಾಲ ಕೂತವ್ರು. ಛತ್ರಿ ಹಿಡದು ಬಾಜೂಕ ನಿಂತವ್ರು ಅವರ ಮನಿಯವರು. ಆ ಪ್ರಬಂಧ ಪುಣೆಯೊಳಗ ನೆರದ ವಿದ್ವಾಂಸರ ಸಭಾಕ್ಕ ಕಳಿಸಿದ್ರ, ಹಂಗೇ ವಾಪಸ್ ಬಂತು. ಹಿತ್ತಲದ ಶತ್ರು, ಹಾಲಿನ ನೀರು ಅಂತ ಬರಿಯವ್ರನ್ನ ವಿದ್ವಾಂಸರು ಹೆಂಗ ನಂಬತಾರ್ರಿ ಅಂತ ಜೋಡೀದಾರ ಪ್ರೊಫೆಸರೊಬ್ಬರು ಮಾರಿ ಮ್ಯಾಲೆ ಅಂದುಬಿಟ್ರಂತ.

ಮರುವರ್ಷ ಅದೇ ಸಭಾ ಧಾರವಾಡದಾಗೇ ನೆರೀತು. ಊರವ್ರು ಅಂತ ಇವರಿಗೂ ಓದಲಿಕ್ಕೆ ಅವಕಾಶ ಕೊಟ್ರು. ಅವತ್ತು ಕಚೇರಿಗೆ ಬಂದು, "ಈ ಸಲ ಅವರು ನನ್ನ ಮಾತು ಕೇಳದಿದ್ರ ಮತ್ತ ಕೇಳೂದಿಲ್ರಿ. ಇದು ಮುಗಿಯೂತನಕ ನಿಮಗ ಲೇಖನ ಕೊಡೂದಿಲ್ಲ" ಅಂದ್ರು. ನನಗ ಭಾಳ ಕೆಟ್ಟ ಅನಿಸ್ತು.

ಯಾರೂ ಬಟ್ಟು ಇಟ್ಟು ತಪ್ಪು ತೋರಿಸಬಾರದು, ಅಂಥಾ ತಲೆಬರಹ ಮಾಡೂ ಹಟ ಅವರಿಗೆ. ದಿನಾ ಒಂದೊಂದು ಮಾತು ಸೇರಿಸಿದ್ರು. ಇಂಗ್ಲೀಷಿನ್ಯಾಗ ಬರದದ್ದನ್ನ ಕನ್ನಡದಾಗ ಹೇಳಬೇಕಂದ್ರ ಹಿಂಗಿತ್ತು: "ಧಾರವಾಡದ ಸುತ್ತಲಿನ ಕೆಲವು ಕೆರೆಗಳ ಕೆಲವು ಜಾತಿಯ ಕಪ್ಪೆಗಳ ಕೂಗಿಗೂ ಮುಂಗಾರು ಮಳೆಯ ಆಗಮನಕ್ಕೂ ನಡುವೆ ಇರಬಹುದಾದ, ಅಥವಾ ಇಲ್ಲದಿರಲೂಬಹುದಾದ ಸಂಬಂಧವನ್ನು ಕುರಿತು, ಗಾಳಿಯ ತೇವವನ್ನೂ ಉಷ್ಣತೆಯನ್ನೂ ಗಮನಕ್ಕೆ ತೆಗೆದುಕೊಂಡು ಮಾಡಿದ ಕೆಲವು ಪ್ರಾಥಮಿಕ ಅವಲೋಕನಗಳು."

ಸಭಾಕ್ಕ ನಾನೂ ಹೋಗಿದ್ದೆ. ಅವರ ಸರದಿ ಬಂದದ್ದು ಊಟದ ಹೊತ್ತಿಗೆ. ಅಧ್ಯಕ್ಷರು ಮೂಲ ಬೆಳಗಾವಿ ಕಡೆಯವ್ರು, ಕನ್ನಡ ಬಲ್ಲವ್ರು, ವಯಸ್ಸಾದವ್ರು, ಕಣ್ಣು ಮುಚ್ಚಿ ಕೂತಿದ್ರು. ಪ್ರೊಫೆಸರರು ಎದ್ದು ನಿಂತು ಆ ತಲೆಬರಹ ನಿಧಾನ, ನಡುನಡುವ ಉಸಿರು ತಗೊಂಡು ಓದಿದ್ರು. ಓದಿ, ಪ್ರಬಂಧ ಶುರು ಮಾಡೂಕಿಂತ ಮೊದಲು ಕಣ್ಣಿನ ಚಾಳೀಸು ತೆಗದು ಒರಸಿಕೊಳ್ಳಲಿಕ್ಕೆ ಹತ್ತಿದ್ರು. ಸಪ್ಪಳ ನಿಂತದ್ದಕ್ಕ ಅಧ್ಯಕ್ಷರು ಕಣ್ಣು ಬಿಟ್ರು. ಇಷ್ಟು ಸಂಕ್ಷಿಪ್ತ, ಇಷ್ಟು ಸಮತೋಲದ ಪ್ರಬಂಧ ಮುಂಜಾನಿಂದ ಕೇಳಿರಲಿಲ್ಲ ಅಂತ ಹೊಗಳಿ, ಮುಂದಿನವ್ರನ್ನ ಕರದುಬಿಟ್ರು. ಮಂದಿ ಚಪ್ಪಾಳಿ ತಟ್ಟಿದ್ರು.

ಹಿರಿಯರ ಮಾತಿಗೆ ಎದುರಾಡಿ ಗೊತ್ತಿಲ್ಲದ ಮನಿಷಾ. ಅಧ್ಯಕ್ಷರಿಗೆ ಕೈ ಮುಗದು, ಓದದ ಹಾಳಿಗಳನ್ನ ಎದಿಗೆ ಅವಚಿಕೊಂಡು ಕೆಳಗ ಇಳೀಲಿಕ್ಕೆ ಹತ್ತಿದ್ರು. ಅಷ್ಟರಾಗ ಹೆಣ್ಣುಮಕ್ಕಳ ಬಾಕಿನಿಂದ ಅವರ ಮನಿಯವರು ಎದ್ದು ನಿಂತ್ರು. ಇಂಗ್ಲೀಷ್ ಬರದಿದ್ರೂ, ಮನಿಯಾಗ ದಿನಾ ಕೇಳಿ ಕೇಳಿ ಆ ತಲೆಬರಹ ಎಲ್ಲಿ ಮುಗೀತದ ಅಂತ ಅವರಿಗೆ ಬಾಯಿಪಾಠ ಇತ್ತು.

"ಅಧ್ಯಕ್ಷರ, ತಪ್ಪು ತಿಳೀಬ್ಯಾಡ್ರಿ. ಇಲ್ಲೀತನಕ ಅವರು ಓದಿದ್ದು ಬರೇ ಹೆಸರ್ರಿ. ಕಪ್ಪಿ ಇನ್ನೂ ಒದರೇ ಇಲ್ಲ."

ಇಡೀ ಸಭಾ ನಕ್ಕು ನಕ್ಕು ಸುಸ್ತಾತು. ಎಲ್ಲಾರಕಿಂತ ಜೋರಾಗಿ ನಕ್ಕವ್ರು ಅಧ್ಯಕ್ಷರು. ಪ್ರೊಫೆಸರರನ್ನ ಕೈ ಹಿಡದು ಮತ್ತ ಮ್ಯಾಲ ಕರಕೊಂಡ್ರು, ಬೇಕಾದಷ್ಟು ಹೊತ್ತು ಓದ್ರಿ ಅಂದ್ರು. ಅವರು ಓದಿದ್ರು. ಊಟದ ಗಂಟಿ ಹೊಡದ್ರೂ ಯಾರೂ ಏಳಲಿಲ್ಲ. ಪ್ರಬಂಧ ಅಚ್ಚು ಮಾಡತೇವಿ ಅಂತ ಅಲ್ಲೇ ಹೇಳಿದ್ರು. ನನ್ನ ಕಣ್ಣಾಗ ನೀರು ಬಂದಿತ್ತು.

ಮುಂದಿನ ವಾರ ಪ್ರೊಫೆಸರರು ಕಪ್ಪಿ ಲೇಖನ ಕನ್ನಡದಾಗ ಬರಕೊಂಡು ಕಚೇರಿಗೆ ಬಂದ್ರು. ತಲೆಬರಹ ತಾವೇ ಇಟ್ಟಿದ್ರು: "ಕಪ್ಪಿ ಇನ್ನೂ ಒದರಿಲ್ಲ." ಸಂಪಾದಕರು ಕುರ್ಚಿ ಬಿಟ್ಟೆದ್ದು ಅವರ ಕೈ ಕುಲುಕಿದ್ರು. ಪ್ರೊಫೆಸರರು ನಾಚಿಕೊಂಡು ನಮಸ್ಕಾರ ಹೇಳಿ ಹೊಂಟ್ರು. ಬಾಗಲದತನಕ ಹೋದವ್ರು ಏನೋ ನೆನಪಾದಂಗ ತಿರುಗಿ ಬಂದು, ನನ್ನ ಕೈಯಾಗಿನ ಲೇಖಣಿ ಇಸಗೊಂಡು, ತಲೆಬರಹದ ಕೆಳಗ ಸಣ್ಣ ಅಕ್ಷರದಾಗ ಒಂದು ಸಾಲು ಬರದು ಹೋದ್ರು: "ಪ್ರಾಥಮಿಕ ಅವಲೋಕನದ ಪ್ರಕಾರ."